ಹನಿ ಬಿದ್ದರೆ ಓಡುವವರು

ನಾನು ಫುಟ್‌ಬಾಲ್ ಆಡಿದವನೆಂದು ಗೊತ್ತಾದ ಕೂಡಲೇ ಜನ ಕೇಳುವುದು ಒಂದೇ ಪ್ರಶ್ನೆ: ಎಷ್ಟು ಗೋಲು ಹೊಡೆದಿರಿ? ಇದನ್ನು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಹನ್ನೊಂದು ವರ್ಷ ಸಂಬಳ ತೆಗೆದುಕೊಂಡು ಆಡಿದ್ದೇನೆ. ಹೊಡೆದದ್ದು ಎರಡು ಗೋಲು, ಅದರಲ್ಲಿ ಒಂದು ನಮ್ಮದೇ ಬಲೆಗೆ. ನಾನು ಡಿಫೆಂಡರ್. ಗೋಲು ಆಗದ ಹಾಗೆ ನೋಡಿಕೊಳ್ಳುವುದು ನನ್ನ ಕೆಲಸ. ಆಗದೇ ಹೋದದ್ದನ್ನು ಯಾರು ಎಣಿಸುತ್ತಾರೆ? ಸಿಂಧನೂರಿನ ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಇದನ್ನೆಲ್ಲ ವಿವರಿಸಲು ಹೋಗಿ, "ಹಂಗಾರ ಇಷ್ಟ್ ವರ್ಷ ನೀ ಮಾಡಿದ್ದರ ಏನು?" ಎಂದು ಕೇಳಿಸಿಕೊಂಡಿದ್ದೇನೆ. ಚಹಾ ಕುಡಿದು ಎದ್ದು ಬಂದೆ. ಚಹಾದಂಗಡಿಯವನ ಮುಂದೆ ಹೇಳುವ ಕತೆಯಲ್ಲ ಅದು.

ನಮ್ಮದು ಸಿಂಧನೂರಿನ ಹತ್ತಿರದ ಹಳ್ಳಿ ವಳಕಮದಿನ್ನಿ. ಅವ್ವ ಕೊಯ್ಲಿನ ಕಾಲಕ್ಕೆ ಭತ್ತ ಒಣಗಿಸುವ ಕೂಲಿಗೆ ಹೋಗುತ್ತಿದ್ದಳು. ಹಸಿ ಭತ್ತವನ್ನು ರಸ್ತೆಯ ಮೇಲೋ ಬಯಲಿನಲ್ಲೋ ತೆಳ್ಳಗೆ ಹರಡಿ, ಬರಿಗಾಲಿನಲ್ಲಿ ಅದರೊಳಗೆ ಕಾಲೆಳೆಯುತ್ತ ನಡೆಯಬೇಕು. ಪಾದ ಎತ್ತಿದರೆ ಕೆಲಸ ಕೆಟ್ಟಿತು, ಕೆಳಗಿನ ಕಾಳು ಮೇಲೆ ಬರುವುದಿಲ್ಲ. ನಾನೂ ಅವಳ ಹಿಂದೆ ಹಾಗೆ ನಡೆದೇ ಬೆಳೆದವನು. ಎದುರಾಳಿಯ ಕಾಲಿನಿಂದ ಚೆಂಡು ಕೀಳುವಾಗ ನನ್ನ ಪಾದ ನೆಲ ಬಿಡುವುದಿಲ್ಲ ಎಂದು ಮುಂದೆ ಎಷ್ಟೋ ಜನ ಹೊಗಳಿದ್ದಾರೆ.

ನಮ್ಮ ಕಡೆ ಇನ್ನೊಂದು ರೂಢಿಯಿದೆ. ಮಳೆಯ ಹನಿ ಬಿದ್ದರೆ ಭತ್ತ ಯಾರದು ಎಂದು ಕೇಳುವಂತಿಲ್ಲ. ಹತ್ತಿರ ಇದ್ದವರೆಲ್ಲ ಓಡಿ ಬಂದು, ರಾಶಿ ಮಾಡಿ, ತಾಡಪತ್ರಿ ಮುಚ್ಚಬೇಕು. ಬೈಕಿನ ಮೇಲೆ ಹೋಗುವವನೂ ಇಳಿಯುತ್ತಾನೆ. ಮಾತು ಬಿಟ್ಟ ಮನೆಯವರ ಭತ್ತವಾದರೂ ಓಡುತ್ತಾರೆ. ಮುಚ್ಚಿದ ಮೇಲೆ ಮುಖ ತಿರುಗಿಸಿಕೊಂಡು ಹೋಗುತ್ತಾರೆ, ಅಷ್ಟೆ.

ನನಗೆ ಹತ್ತೊಂಬತ್ತು ತುಂಬಿದ ಬೇಸಿಗೆಯಲ್ಲಿ ಬೆಂಗಳೂರಿನ ಒಂದು ಕ್ಲಬ್ಬಿನ ಕೋಚ್ ಸಿಂಧನೂರಿಗೆ ಬಂದರು. ನಾನು ಆಡುತ್ತಿದ್ದ ಸಿಂಧನೂರಿನ ತಂಡಕ್ಕೂ ಲಿಂಗಸುಗೂರಿನವರಿಗೂ ಒಂದು ಮ್ಯಾಚ್ ಆಡಿಸಿ, ಅದರಲ್ಲಿ ಒಬ್ಬ ಡಿಫೆಂಡರನನ್ನು ಆರಿಸಿಕೊಂಡು ಹೋಗುತ್ತಾರೆಂದು ಸುದ್ದಿ. ಒಬ್ಬನೇ. ಅವ್ವ ಅವತ್ತಿನ ಕೂಲಿ ಬಿಟ್ಟು ನೋಡಲು ಬಂದಳು. "ಯಪ್ಪಾ, ಇದೊಂದು ಸಲ ಮನಸಿಟ್ಟು ಆಡು. ನನ್ನಂಗ ಬಿಸಲಾಗ ಕಾಲು ಸುಟ್ಕೋಬ್ಯಾಡ" ಎಂದಳು. ಅವಳ ಆಸೆ ಅದೊಂದೇ ಆಗಿತ್ತು, ನನ್ನದೂ ಅದೇ.

ಎರಡನೇ ಬೆಳೆಯ ಕೊಯ್ಲು ಮುಗಿದಿತ್ತು. ಮೈದಾನದ ಒಂದು ಬದಿ ಉದ್ದಕ್ಕೂ ಭತ್ತ. ರೈತರನ್ನು ಕಾಡಿಬೇಡಿ ಉಳಿದ ಜಾಗದಲ್ಲಿ ಸುಣ್ಣದ ಗೆರೆ ಎಳೆದಿದ್ದೆವು. ಮಸ್ಕಿಯಿಂದ ಬಂದ ಒಬ್ಬ ಮೇಷ್ಟ್ರು ರೆಫರಿ. ಲಿಂಗಸುಗೂರಿನ ಫಾರ್ವರ್ಡ್ ಚಿಗರೆಯಂತೆ ಓಡುತ್ತಿದ್ದ, ಆದರೂ ನನ್ನನ್ನು ದಾಟಿ ಒಂದು ಚೆಂಡೂ ಹೋಗಲಿಲ್ಲ. ಕೋಚ್ ನನ್ನ ಕಡೆ ನೋಡಿ ಎರಡು ಸಲ ಪುಸ್ತಕದಲ್ಲಿ ಏನೋ ಬರೆದುಕೊಂಡರು. ಗೆದ್ದೆ ಎಂದುಕೊಂಡೆ.

ಆಟ ಮುಗಿಯಲು ಹತ್ತು ನಿಮಿಷವಿದ್ದಾಗ ಮೋಡ ಕವಿಯಿತು. ಒಂದು ದಪ್ಪ ಹನಿ ಮೊಣಕೈ ಮೇಲೆ ಬಿತ್ತು. ಆಮೇಲೆ ಯೋಚನೆ ಮಾಡಿದ್ದು ನೆನಪಿಲ್ಲ. ಎರಡನೇ ಹನಿ ಬೀಳುವಷ್ಟರಲ್ಲಿ ನಾನು ಗೆರೆಯ ಆಚೆ, ಮುಕ್ಕುಂದದ ಒಬ್ಬ ಮುದುಕನ ಭತ್ತವನ್ನು ಎರಡೂ ಕೈಯಿಂದ ಬಾಚುತ್ತಿದ್ದೆ. ನಮ್ಮ ಗೋಲ್‌ಕೀಪರ್ ಆಗಲೇ ತಾಡಪತ್ರಿಯ ಇನ್ನೊಂದು ತುದಿ ಹಿಡಿದಿದ್ದ! ಲಿಂಗಸುಗೂರಿನದು ಒಣಭೂಮಿ, ಸಜ್ಜೆ ತೊಗರಿ ಬೆಳೆಯುವ ಹುಡುಗರಿಗೆ ಈ ಗಾಬರಿ ಗೊತ್ತಿಲ್ಲ. ಅವರ ಫಾರ್ವರ್ಡ್ ಸುತ್ತ ನೋಡಿ, ತಡೆಯಲು ಯಾರೂ ಇಲ್ಲದ್ದಕ್ಕೆ ತುಸು ನಾಚಿಕೊಂಡೇ ಚೆಂಡನ್ನು ಬಲೆಗೆ ತಳ್ಳಿದ. ಮಸ್ಕಿಯ ಮೇಷ್ಟ್ರು ಊದಲೋ ಬೇಡವೋ ಎಂದು ಸೀಟಿ ಕಚ್ಚಿಕೊಂಡು ನಿಂತರು, ಕೊನೆಗೆ ಗೋಲೆಂದು ಊದಿದರು.

ಮಳೆ ಸ್ವಲ್ಪ ಹೊತ್ತು ಹುಯ್ದು ನಿಂತಿತು. ಭತ್ತ ಉಳಿಯಿತು. ಮುದುಕ ಬೆನ್ನು ತಟ್ಟಿ, "ಪುಣ್ಯಾ ಬರ್ಲಿ ಮಗನ" ಎಂದ. ಕೋಚ್ ಹತ್ತಿರ ಕರೆದು, "ಡಿಫೆಂಡರ್ ಆದವನು ಜಾಗ ಬಿಡಬಾರದಪ್ಪ. ಆಕಾಶವೇ ಕಳಚಿ ಬಿದ್ರೂ ಬಿಡಬಾರದು" ಎಂದು ಪುಸ್ತಕ ಮುಚ್ಚಿದರು. ನನಗೆ ಅಳು ಬಂತು.

ಅವ್ವ ಮೊದಲು ನನ್ನ ಮೇಲೆ ಹರಿಹಾಯ್ದಳು. "ತೊಯ್ದ ಭತ್ತ ನಾಳಿ ಬಿಸಲಿಗೆ ಹಾಕಬೋದಿತ್ತಲ್ಲೋ! ಈ ಸಾಹೇಬ್ರು ನಾಳಿ ಬರ್ತಾರೇನು?" ಇಂಥ ಮಾತು ಆ ಬಾಯಿಂದ ನಾನು ಯಾವತ್ತೂ ಕೇಳಿರಲಿಲ್ಲ. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಆಟೋ ಹತ್ತುತ್ತಿದ್ದ ಕೋಚ್ ಎದುರು ಹೋಗಿ ನಿಂತಳು.

"ಸಾಹೇಬ್ರ, ತಪ್ಪು ಅವಂದಲ್ರಿ, ನಂದು. ನಡ್ಯಾಕ ಬಂದಾಗಿಂದ ಹನಿ ಬಿದ್ರ ಓಡು ಅಂತ ನಾನ ಕಲಿಸೀನಿ. ಓಡದಿದ್ರ ಹೊಡದೀನಿ. ನಿಲ್ಲಾಕ ಅವಗ ಯಾರೂ ಕಲಿಸಿಲ್ರಿ. ಅದನ್ನ ನೀವು ಕಲಸ್ರಿ."

ಕೋಚ್ ಆಟೋದಿಂದ ಇಳಿದರು. "ಒಂದು ತಿಂಗಳು ನೋಡ್ತೀನಮ್ಮ. ಆಗಲಿಲ್ಲ ಅಂದ್ರೆ ವಾಪಸ್ ಕಳಿಸ್ತೀನಿ" ಎಂದರು.

ಆ ತಿಂಗಳಿಡೀ ಅವರು ನನ್ನನ್ನು ಓಡಿಸಿದ್ದಕ್ಕಿಂತ ನಿಲ್ಲಿಸಿದ್ದೇ ಹೆಚ್ಚು. ಚೆಂಡು ಎಲ್ಲೋ ಆಡುತ್ತಿರುತ್ತಿತ್ತು, ನಾನು ನನ್ನ ಜಾಗದಲ್ಲಿ. ಬೆಂಗಳೂರಿನಲ್ಲಿ ಹೊತ್ತಿಲ್ಲ ಗೊತ್ತಿಲ್ಲ, ಮಳೆ ಬಂದೇ ಬರುತ್ತದೆ; ಪ್ರತಿ ಸಲ ಅಂಗಾಲು ತುರಿಸುತ್ತಿತ್ತು. ಫಾರ್ವರ್ಡ್ ಕಾಯುವುದೇ ನಾವು ಮೊದಲು ಕದಲಲಿ ಎಂದು. ಅದು ತಲೆಗೆ ಹೋಗಲು ಒಂದು ತಿಂಗಳು ಸಾಕಾಯಿತು, ಕಾಲಿಗೆ ಇಳಿಯಲು ಎರಡು ವರ್ಷ ಹಿಡಿಯಿತು. ಆಮೇಲೆ ಕೇರಳದ ಮಳೆಯಲ್ಲಿ ಆಡಿದೆ, ಕೋಲ್ಕತ್ತಾದ ಕೆಸರಿನಲ್ಲಿ ಆಡಿದೆ. ಮಂಡಿ ಕೈಕೊಡುವವರೆಗೂ ಜಾಗ ಬಿಡಲಿಲ್ಲ.

ಆರನೇ ವರ್ಷವೋ ಏಳನೆಯದೋ, ರಜೆಗೆಂದು ಊರಿಗೆ ಬಂದಿದ್ದೆ. ಕೂಲಿ ಬಿಡು ಎಂದು ಎಷ್ಟು ಹೇಳಿದರೂ ಕೇಳದ ಅವ್ವ, ಹೆಂಗಸರ ಜೊತೆ ರಸ್ತೆಯ ಮೇಲೆ ಭತ್ತದಲ್ಲಿ ಕಾಲಾಡಿಸುತ್ತಿದ್ದಳು. ನಾನು ಪಕ್ಕದಲ್ಲಿ ಮಾತಾಡುತ್ತ ನಿಂತಿದ್ದೆ. ಹನಿ ಬಿತ್ತು. ಎಲ್ಲರೂ ಓಡಿದರು. ಕೂಸನ್ನು ಬಗಲಲ್ಲಿ ಇಟ್ಟುಕೊಂಡವಳೂ ಓಡಿದಳು. ನಾನು ನಿಂತೇ ಇದ್ದೆ. ಬೇಕೆಂದು ನಿಂತದ್ದಲ್ಲ, ಕಾಲು ಏಳಲಿಲ್ಲ. ಯಾರು ಎತ್ತ ಹೋಗುತ್ತಿದ್ದಾರೆ ಎಂದು ಕಣ್ಣು ಮಾತ್ರ ನೋಡುತ್ತಿತ್ತು.

"ಏನ್ ನೋಡ್ಕೋಂತ ನಿಂತಿಯೋ? ಬಾರೋ!" ಎಂದು ಒಬ್ಬಾಕೆ ಕೂಗಿದಳು. ನಾಚಿಕೆಯಿಂದ ನೆಲಕ್ಕಿಳಿದು ಹೋದೆ. ಅವ್ವ ತಾಡಪತ್ರಿ ಎಳೆಯುತ್ತಲೇ ತಿರುಗಿ ನನ್ನನ್ನು ನೋಡಿದಳು. ಬೈಗುಳಕ್ಕೆ ಸಿದ್ಧನಾದೆ. ಅವಳ ಮುಖ ಅರಳಿತ್ತು.

"ಸುಮ್ನಿರವಾ," ಎಂದಳು ಆಕೆಗೆ. "ನನ್ನ ಮಗ ನಿಲ್ಲಾದು ಕಲ್ತಾನ."

ನಾನು ಓಡಿ ಹೋಗಿ ತಾಡಪತ್ರಿಯ ತುದಿ ಹಿಡಿಯುವಷ್ಟರಲ್ಲಿ ಅರ್ಧ ಭತ್ತ ತೊಯ್ದಿತ್ತು.