ಎಣ್ಣೆ ಕಂಪನಿಯ ಷೇರಿಗೆ ನನ್ನ ಸಹಿ

ಗೆಳತಿಯರೇ, ಇಂದು ಬೆಳಿಗ್ಗೆ ನಮ್ಮ ಜಯನಗರದ ವರಾಂಡದಲ್ಲಿ ಯಜಮಾನರು, ಅವರ ಇಬ್ಬರು ಸ್ನೇಹಿತರು ಮತ್ತು ಷೇರು ದಲ್ಲಾಳಿ ಸೇರಿ, ಚೀನಾ ಯುದ್ಧದ ಭಯಕ್ಕೆ ನನ್ನ ಷೇರುಗಳನ್ನು ಮಾರಲು ತೀರ್ಮಾನಿಸಿಬಿಟ್ಟರು. ಅಸ್ಸಾಮಿನಲ್ಲಿ ಎಣ್ಣೆ ತೆಗೆಯುವ ಕಂಪನಿ ಅದು. ಅಪ್ಪ ನನ್ನ ಹೆಸರಿಗೆ ಬಿಟ್ಟುಹೋದದ್ದು ಅದೊಂದೇ.

ಸ್ನೇಹಿತರೊಬ್ಬರು ನನ್ನ ಮಗಳ ಅಟ್ಲಾಸಿನ ಮೇಲೆ ಗೇಣು ಹಾಕಿ, "ನೋಡ್ರೀ, ಚೀನಾ ಗಡಿಯಿಂದ ಅರ್ಧ ಗೇಣೂ ಇಲ್ಲ!" ಎಂದರು.

"ಆ ಲೆಕ್ಕದಲ್ಲಿ ಮದ್ರಾಸು ನಮ್ಮ ಹಿತ್ತಿಲಲ್ಲೇ ಇದೆ," ಎಂದೆ.

ದಲ್ಲಾಳಿ ಫಾರಂ ಚಾಚಿದ. "ಅಮ್ಮಾ, ಇಲ್ಲೊಂದು ಸೈನ್ ಹಾಕ್ಬಿಡಿ. ಮಿಕ್ಕಿದ್ದು ಸಾಹೇಬ್ರು ನೋಡ್ಕೋತಾರೆ."

"ಹಾಕಲ್ಲ. ಮುಳುಗಿದ್ರೆ ನನ್ನ ಷೇರು ತಾನೇ, ಮುಳುಗಲಿ."

ಇದು ಜಾಣತನವೋ ಬರೀ ಹಠವೋ, ನನಗೂ ಖಾತ್ರಿಯಿಲ್ಲ. ಆದರೆ ಆಮೇಲೆ ನಾಲ್ವರೂ ನನ್ನ ಅಭಿಪ್ರಾಯವೇನೆಂದು ಕೇಳಿದರು. ಇಷ್ಟು ವರ್ಷದ ಸಂಸಾರದಲ್ಲಿ ಇದೇ ಮೊದಲು. ಎಣ್ಣೆ ಕಂಪನಿಯಿಂದ ಇಷ್ಟು ಬೇಗ ಲಾಭ ಬಂದೀತೆಂದು ನಾನೂ ಎಣಿಸಿರಲಿಲ್ಲ.