ನೆಗೆಣ್ಣಿ ಉಟ್ಟ ನನ್ನ ಸೀರೆ

ರೊಟ್ಟಿಯನ್ನು ಹಂಚಿಗೆ ಹಾಕಿ ಮೇಲೆ ನೀರು ಸವರುತ್ತಿದ್ದಾಗ ಫೋನು ಬಂತು. ಭೋಜದ ರಸ್ತೆಯಲ್ಲಿ ಯಜಮಾನರು ಗಾಡಿಯಿಂದ ಬಿದ್ದಿದ್ದಾರೆ, ಕಾಲು ಮುರಿದಿದೆ, ಮಿರಜಕ್ಕೆ ಒಯ್ಯುತ್ತಿದ್ದೇವೆ ಎಂದರು.

ಗಾಬರಿಯಲ್ಲಿ ನಿಂತಿದ್ದ ನನ್ನ ಕೈಯಿಂದ ಬೀಗದ ಕೈ ಇಸಿದುಕೊಂಡವಳು ನೆಗೆಣ್ಣಿ, ಮೈದುನನ ಹೆಂಡತಿ. ಮನೆ, ಎಮ್ಮೆ ತಾನು ನೋಡಿಕೊಳ್ಳುವೆನೆಂದಳು. ಪಾಲಾಗಿ ಒಲೆ ಬೇರೆಯಾದ ಮೇಲೆ ನಮ್ಮ ನಡುವೆ ಮಾತು ಕಡಿಮೆ. ಅವರ ಪಾಲಿನ ಹೊಲದಲ್ಲಿ ಬೋರಿಗೆ ನೀರು ಬಿತ್ತು, ಕಬ್ಬು ನಿಂತಿತು, ಮನೆಗೆ ಮಾಳಿಗೆ ಬಂತು. ದೇವರು ಕೊಟ್ಟದ್ದಕ್ಕೆ ನನಗೆ ಹೊಟ್ಟೆಕಿಚ್ಚಿಲ್ಲ. ಆದರೆ ಊರಿನಲ್ಲಿ ಯಾರು ಸತ್ತರೂ ಒಲೆ ಹಚ್ಚದ ಆ ಮನೆಗೆ ರೊಟ್ಟಿ, ಝುಣಕ ಹೊತ್ತು ಮೊದಲು ಹೋಗುವವಳು ಇವಳೇ. ಇಷ್ಟು ಸೇವೆ ಮಾಡುವವರ ಮನಸ್ಸಿನಲ್ಲಿ ಏನೋ ಇರುತ್ತದೆ ಎಂದು ನನಗೆ ಮೊದಲಿನಿಂದಲೂ ಅನುಮಾನ.

ಎಮ್ಮೆಯದೇ ದೊಡ್ಡ ಚಿಂತೆ. ಅದರ ಕರು ಆಗಷ್ಟೇ ಸತ್ತಿತ್ತು. ಅಂದಿನಿಂದ ನನ್ನ ಹೊರತು ಯಾರು ಕೂತರೂ ಹಾಲು ಬಿಡುತ್ತಿರಲಿಲ್ಲ. ಹಿಂಡುವುದು ತಪ್ಪಿದರೆ ಬತ್ತಿಹೋಗುತ್ತದೆ. ಡೇರಿಗೆ ಹಾಕುವ ಆ ಹಾಲಿನ ಮೇಲೆಯೇ ನಮ್ಮ ವಾರದ ಸಂತೆ.

ಯಜಮಾನರ ತಲೆಗೆ ಏಟಾಗಿರಲಿಲ್ಲ, ಮಂಗಸೂಳಿ ಮಲ್ಲಯ್ಯನ ದಯೆ. ಕಾಲಿಗೆ ಆಪರೇಷನ್ ಆಯಿತು, ಹಣೆಗೆ ಅವನ ಭಂಡಾರದ ಅರಿಸಿನ ಹಚ್ಚಿದೆ. ದಿನಾ ಆಸ್ಪತ್ರೆಯಿಂದ ಫೋನು ಮಾಡಿದಾಗ ನೆಗೆಣ್ಣಿ, ಎಮ್ಮೆ ಹಾಲು ಕೊಡುತ್ತಿದೆ ಎಂದಷ್ಟೇ ಹೇಳುತ್ತಿದ್ದಳು. ನಾನು ನಂಬಲಿಲ್ಲ. ಅಷ್ಟರಲ್ಲಿ ಎದುರುಮನೆಯ ಮುದುಕಿಯ ಫೋನು ಬಂತು.

“ನಿನ್ನ ಹಸರ ಸೀರಿ ಉಟ್ಕೊಂಡು ಮುಸುಕ ಹಾಕ್ಕೊಂಡು ಹಿತ್ತಲಕ್ಕ ಹೋಗ್ತಾಳ ನೋಡಬೇ. ಯಾವ ಹಬ್ಬಾನೋ ಏನೋ.”

ನನ್ನ ಸೀರೆಯ ಟ್ರಂಕು ತೆಗೆದಳೇ? ಉಟ್ಟ ಸೀರೆಯಿಂದ ಮಾಟ ಮಾಡುತ್ತಾರೆಂದು ಕೇಳಿದ್ದೆ. ಜಪ ಮಾಡುವ ಬಾಯಿ ಜಪ ಮಾಡುತ್ತಲೇ ಇತ್ತು, ಮನಸ್ಸು ಮಾತ್ರ ಆ ಹಿತ್ತಲಲ್ಲಿತ್ತು.

ಊರಿಗೆ ಬಂದ ಸಂಜೆ ಯಜಮಾನರನ್ನು ಮಂಚಕ್ಕೆ ಮಲಗಿಸಿ ನೇರ ಹಿತ್ತಲಿಗೆ ಹೋದೆ. ನನ್ನ ಸೀರೆ ಉಟ್ಟು, ಸೆರಗು ಮುಖದವರೆಗೆ ಎಳೆದುಕೊಂಡು ಅವಳು ಹಿಂಡುತ್ತಿದ್ದಳು. ಏನಿದು ಎಂದೆ. ತಿರುಗಲಿಲ್ಲ; ಸುಮ್ಮನಿರು ಎಂದು ಕೈ ಮಾಡಿದಳು. ನನ್ನ ಹಿತ್ತಲಲ್ಲಿ ನನಗೇ! ಹಲ್ಲು ಕಚ್ಚಿ ನಿಂತೆ. ಹಿಂಡಿ ಮುಗಿಸಿ, ಚರಿಗೆ ಹಿಡಿದು ದೂರ ಬಂದ ಮೇಲೆ ಬಾಯಿ ಬಿಟ್ಟಳು.

“ಮಾತಾಡಿದ್ರ ನೀವಲ್ಲಂತ ಗುರ್ತ ಹಿಡೀತೈತ್ರಿ ಅಕ್ಕಾ. ಮೊದಲ್ನೇ ದಿನ ಒದ್ದು ಕೆಡವೇತಿ. ಬಚ್ಚಲದಾಗ ನೀವು ಬಿಟ್ಟು ಹೋದ ಸೀರಿ ಉಟ್ಟ ಮ್ಯಾಲೆ ಹಾಲ ಬಿಟ್ಟೈತಿ. ವಾಸನಿ ಹೋಗ್ತೈತಂತ ಒಗದೇ ಇಲ್ರಿ.”

ಮೊಣಕಾಲ ಕೆಳಗೆ ನೀಲಿಗಟ್ಟಿದ್ದನ್ನು ತೋರಿಸಿದಳು. ಎದುರುಮನೆಯವಳು ಹೇಳಿದ್ದನ್ನು ತಿಳಿಸಿದೆ.

“ಎಮ್ಮಿ ಮೋಸ ಹೋತು, ಎದುರುಮನಿ ಆಯಿ ಹೋಗಲಿಲ್ಲ ನೋಡ್ರಿ,” ಎಂದು ನಕ್ಕಳು.

ಆದರೂ ಒಳಗೆ ಹೋಗಿ ಟ್ರಂಕು ತೆಗೆದು ನೋಡಿದೆ. ಸೀರೆಗಳ ಮಡಿಕೆ ಮಡಿಕೆಯಾಗಿಯೇ ಇತ್ತು. ಹೊರಗೆ ಬಂದು, ಫೋನಿನಲ್ಲಿ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಹೇಳಿದ್ದರೆ ಉಡಬೇಡ ಎನ್ನುತ್ತಿದ್ದಿರಿ ಎಂದಳು. ಅದು ನಿಜ, ಅನ್ನುತ್ತಿದ್ದೆ.

ಯಜಮಾನರು ಉಳಿದರು, ಎಮ್ಮೆ ಬತ್ತಲಿಲ್ಲ. ದೇವರು ಯಾರ ಕೈಯಲ್ಲಿ ಕೊಟ್ಟು ಕಳಿಸುತ್ತಾನೋ ಅದನ್ನು ನಾವು ಆರಿಸುವಂತಿಲ್ಲ. ಇದರಿಂದ ಅವಳಿಗೇನು ಬಂತು ಎಂಬುದು ಮಾತ್ರ ನನಗೆ ಇನ್ನೂ ಬಗೆಹರಿದಿಲ್ಲ.

ಸೀರೆ ಒಗೆದು ಕೊಡುತ್ತೇನೆ ಎಂದಳು.

“ಒಗೀಬ್ಯಾಡ. ಅವರ ಕಾಲಿನ ಹೊಲಿಗಿ ಬಿಚ್ಚಸಾಕ ಮತ್ತ ಮಿರಜಕ್ಕ ಹೋಗೂದೈತಿ. ಅಲ್ಲೇ ಗೂಟಕ್ಕ ಹಾಕಿಡು,” ಎಂದೆ.

ಚರಿಗೆಯನ್ನು ಅವಳ ಕೈಯಿಂದ ತೆಗೆದುಕೊಂಡು ಒಳಗೆ ಬಂದು ಹಾಲು ಸೋಸತೊಡಗಿದೆ.