ಏಳನೆಯ ಒಂಬತ್ತು

ಬೀದರಿನಿಂದ ಹೊರಟ ಬಸ್ಸು ದಾರಿಯಲ್ಲೇ ಕೆಟ್ಟು ನಿಲ್ಲಬಹುದಿತ್ತು. ಭಾಲ್ಕಿಯ ತರಬೇತಿ ಕೋಣೆಯಲ್ಲಿ ಸೀಮೆಸುಣ್ಣ ಇಲ್ಲದಿರಬಹುದಿತ್ತು. ಆ ಭಯಕ್ಕೆ ಜೇಬಿನಲ್ಲಿ ಒಯ್ದಿದ್ದ ಆರು ತುಂಡುಗಳೂ ಪುಡಿಯಾಗಬಹುದಿತ್ತು. ಗಂಟಲು ಕಟ್ಟಬಹುದಿತ್ತು. "ಸೊನ್ನಿಯಿಂದ ಸಂಖ್ಯೆ ಶುರು ಆಗ್ತದೇನ್ರಿ?" ಎಂದು ಯಾರಾದರೂ ಎದ್ದು ನಿಂತರೆ ನಾನು ತಡವರಿಸಬಹುದಿತ್ತು. ಊಟದ ನಂತರದ ಅವಧಿ ನನ್ನದಾದ್ದರಿಂದ ನಲವತ್ತು ಗಣಿತ ಶಿಕ್ಷಕರೂ ಒಟ್ಟಿಗೇ ನಿದ್ದೆ ಹೋಗಬಹುದಿತ್ತು.

ಇದ್ಯಾವುದೂ ಆಗಲಿಲ್ಲ.

ಔರಾದಿನ ಶಾಲೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಗಣಿತ ಹೇಳುತ್ತಿದ್ದೇನೆ. ಮಕ್ಕಳು ಬೋರ್ಡಿನ ಮೇಲಿನದನ್ನು ಅಚ್ಚುಕಟ್ಟಾಗಿ ಇಳಿಸಿಕೊಳ್ಳುತ್ತಾರೆ. ನನ್ನನ್ನು ನಂಬದೆ ತಾವೇ ಮಾಡಿ ನೋಡಿದವರು ಈವರೆಗೆ ಒಬ್ಬರೂ ಇಲ್ಲ. ಹಾಗಾದರೆ ನಾನು ಇಷ್ಟು ವರ್ಷ ಕಲಿಸಿದ್ದು ಏನನ್ನು? ಶಿಕ್ಷಕರಲ್ಲಾದರೂ ಅಂಥವರೊಬ್ಬರು ಸಿಗಲಿ ಎಂದೇ ಆ ಸಂಖ್ಯೆಯನ್ನು ಆರಿಸಿಕೊಂಡಿದ್ದೆ.

ಒಂದನ್ನು ಹದಿನೇಳರಿಂದ ಭಾಗಿಸಿದರೆ ಬಿಂದುವಿನ ಆಚೆ ಹದಿನಾರು ಅಂಕಿಗಳು ಮತ್ತೆ ಮತ್ತೆ ಬರುತ್ತವೆ: 0588235294117647. ಇದನ್ನು ಎರಡರಿಂದ ಹದಿನಾರರವರೆಗೆ ಯಾವುದರಿಂದ ಗುಣಿಸಿದರೂ ಅವೇ ಅಂಕಿಗಳು, ಅದೇ ಸಾಲಿನಲ್ಲಿ. ರೈಲಿನ ಮುಂದಿನ ಡಬ್ಬಿಗಳನ್ನು ಬಿಚ್ಚಿ ಹಿಂದೆ ಜೋಡಿಸಿದ ಹಾಗೆ. ಹದಿನೇಳರಿಂದ ಗುಣಿಸಿದರೆ ಮಾತ್ರ ಹದಿನಾರೂ ಒಂಬತ್ತು.

ಸಂಖ್ಯೆಯನ್ನು ಬೋರ್ಡಿನ ಮೇಲೆ ಬರೆದೆ. ಕೆಳಗೆ ಅದರ ಎರಡರಷ್ಟು, ಮೂರರಷ್ಟು ಬರೆದೆ. ಡಬ್ಬಿ ಬಿಚ್ಚಿ ಹಿಂದೆ ಜೋಡಿಸಿದರೆ ಸಾಕಾಗುವಾಗ ಗುಣಿಸುವ ತಾಪತ್ರಯ ನನಗೇಕೆ? "ನನ್ನ ಮಾತ್ ನಂಬಬ್ಯಾಡ್ರಿ, ನೀವೇ ಗುಣಿಸಿ ನೋಡ್ರಿ" ಎಂದು ಐದು ನಿಮಿಷ ಬಿಟ್ಟೆ. ನಲವತ್ತು ತಲೆಗಳು ಬಗ್ಗಿದವು, ಪೆನ್ನುಗಳು ಓಡಿದವು. ನನಗೆ ಕಣ್ಣು ತುಂಬಿ ಬಂತು. ಕೊನೆಯಲ್ಲಿ ಚಪ್ಪಾಳೆಯೂ ಬಿತ್ತು.

ಬೀದರಿಗೆ ಮರಳುವ ಬಸ್ಸಿನಲ್ಲಿ ತರಬೇತಿಗೆ ಬಂದಿದ್ದ ನಮ್ಮ ಶಾಲೆಯ ಇನ್ನೊಬ್ಬ ಗಣಿತ ಶಿಕ್ಷಕಿ ಪಕ್ಕದಲ್ಲಿದ್ದರು. ಆ ಒಂಬತ್ತುಗಳ ಸಾಲನ್ನು ಒಮ್ಮೆ ಕಣ್ಣಾರೆ ನೋಡುವ ಆಸೆಗೆ ಅವರ ನೋಟ್‌ಬುಕ್ ಇಸಿದುಕೊಂಡು ಅದರಲ್ಲಿದ್ದ ಸಂಖ್ಯೆಯನ್ನು ಹದಿನೇಳರಿಂದ ಗುಣಿಸತೊಡಗಿದೆ. ಬಲಗಡೆಯಿಂದ ಆರು ಒಂಬತ್ತು ಬಂದವು. ಏಳನೆಯದು ಐದು.

"ಮೇಡಂ, ನೀವು ತಪ್ಪ ಬರಕೊಂಡೀರಿ ಕಾಣಸ್ತದ."

"ಇಲ್ರಿ ಸರ, ಫೋಟೋನೂ ತಗದೀನಿ." ಫೋನು ಮುಂದೆ ಹಿಡಿದರು. ಬೋರ್ಡು, ಅದರ ಮೇಲೆ ನನ್ನ ದುಂಡು ಅಕ್ಷರ, ಪಕ್ಕದಲ್ಲಿ ಹಲ್ಲು ಕಿರಿದು ನಿಂತ ನಾನು. ಅಲ್ಲಿಯೂ ಹಾಗೇ ಇತ್ತು.

"ಮತ್ತ ಐದು ನಿಮಿಷ ಎಲ್ಲಾರೂ ಏನ್ ಮಾಡ್ತಿದ್ರಿ?"

"ಬರಕೋತಿದ್ವಿ."

"ಗುಣಿಸಿ ನೋಡ್ರಿ ಅಂದಿದ್ದೆ."

"ಗುಣಿಸಿದ್ದು ನೀವೇ ಬರ್ದಿದ್ರಲ್ರಿ. ನಿಮ್ಮ ಮ್ಯಾಲ ನಮಗ ಭರೋಸಾ ಇಲ್ಲೇನ್ರಿ?"

ಎರಡರಷ್ಟು ಬರೆದ ಸಾಲಿನ ಕೊನೆಯ ಅಂಕಿಯೊಂದನ್ನು ನೋಡಿದ್ದರೂ ಸಾಕಿತ್ತು. ಏಳೆರಡ್ಲೆ ಹದಿನಾಲ್ಕು, ಕೊನೆಗೆ ನಾಲ್ಕಿರಬೇಕು. ಅಲ್ಲಿ ಎರಡಿತ್ತು. ನಲವತ್ತು ಜನರಲ್ಲಿ ಒಬ್ಬರೂ ನೋಡಲಿಲ್ಲ. ನಲವತ್ತೊಂದನೆಯವನಾದ ನಾನೂ ನೋಡಲಿಲ್ಲ.

"ನಾಳಿ ನಮ್ಮ ಹುಡುಗರಿಗಿ ಇದನ್ನೇ ಬರಸ್ತೀನ್ರಿ ಸರ" ಎಂದು ಅವರು ಪ್ರೀತಿಯಿಂದ ಹೇಳಿ ನೋಟ್‌ಬುಕ್ ತಿರುಗಿ ತೆಗೆದುಕೊಂಡರು.

294 ಇರಬೇಕಾದಲ್ಲಿ 492 ಬರೆದಿದ್ದೆ. ಅಷ್ಟೇ.